ಶಸ್ತ್ರಶೌಚವೂ ಸಂಗ್ರಹಧರ್ಮವೂ

ವಸ್ತುಸಂಗ್ರಹವು ಮನುಷ್ಯನಿಗೆ ಸಹಜವಾದ ಪ್ರವೃತ್ತಿ. ಹಳೆಯ ನಾಣ್ಯ, ತಾಳೆಯೋಲೆ, ಅಂಚೆಚೀಟಿ, ಶಿಲಾಶಾಸನದ ಪಡಿಯಚ್ಚು ಮುಂತಾದುವನ್ನು ಕೂಡಿಸಿಡುವವನನ್ನು ಲೋಕವು ರಸಿಕನೆಂದೋ ವಿದ್ವಾಂಸನೆಂದೋ ಆದರಿಸುತ್ತದೆ. ಆ ಚಟ ಅತಿಯಾಯಿತೆಂದರೆ ನಕ್ಕು ಸುಮ್ಮನಾಗುತ್ತದೆ. ಅವನ ಹವ್ಯಾಸ ಧರ್ಮವೋ ಅಧರ್ಮವೋ ಎಂದು ಕೇಳುವವರು ವಿರಳ. ಆದರೆ ಸಂಗ್ರಹಿಸಿದ ವಸ್ತು ಲೋಕಕಂಟಕವಾದ ಯುದ್ಧವೊಂದರ ಉಪಕರಣವಾದರೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

1939ರಿಂದ 1945ರವರೆಗೆ ನಡೆದ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯವು ಬಳಸಿದ ಸಾಮಗ್ರಿಗಳನ್ನು ಅರಸಿ ಕೂಡಿಹಾಕುವವರು ಯೂರೋಪು ಅಮೆರಿಕೆಗಳಲ್ಲಿ ಬಹು ಮಂದಿ ಇದ್ದಾರೆ. ಇವರಲ್ಲಿ ಹೆಚ್ಚಿನವರ ಕಣ್ಣು ಶಿರಸ್ತ್ರಾಣ, ಪದಕ, ಕಿರುಗತ್ತಿಗಳ ಮೇಲೆ. ಇವರ ನಡುವೆ ಒಂದು ಚಿಕ್ಕ ಪಂಗಡವುಂಟು. ಸಿಪಾಯಿಯು ತನ್ನ ಬಂದೂಕನ್ನು ಶುಚಿಮಾಡಿಕೊಳ್ಳುತ್ತಿದ್ದ ತಗಡಿನ ಪೆಟ್ಟಿಗೆಗಳನ್ನು ಹುಡುಕಿ, ಅವು ಯಾವ ಕಾರ್ಖಾನೆಯವು, ಯಾವ ವರ್ಷದವು ಎಂದು ನಿರ್ಣಯಿಸಿ, ಅನುಕ್ರಮವಾಗಿ ಜೋಡಿಸಿಡುವುದು ಇವರ ಕೆಲಸ. ಇದು ಕೊಲ್ಲುವ ಆಯುಧವಲ್ಲ, ಆಯುಧವನ್ನು ಒರೆಸುವ ಸಾಮಗ್ರಿ ಮಾತ್ರ. ಹಾಗಿರುವಲ್ಲಿ ಇದರಲ್ಲಿ ದೋಷವೇನು ಎಂದು ಒಬ್ಬನು ಕೇಳಬಹುದು. ದೋಷವಿಲ್ಲದೆ ಹೇಗಿದ್ದೀತು ಎಂದು ಇನ್ನೊಬ್ಬನು ಕೇಳಬಹುದು. ಈ ಪುಟ್ಟ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ವಿಚಾರಮಾಡಿದರೆ, ಬಂದೂಕನ್ನು ಎಂದೂ ಮುಟ್ಟದ ಗೃಹಸ್ಥರಿಗೂ ಸಂಬಂಧಪಟ್ಟ ಒಂದು ವಿಷಯ ಹೊರಬೀಳುತ್ತದೆ. ತಾನಾಗಿ ನೋಡಿದರೆ ಒಳ್ಳೆಯದಾಗಿಯೇ ಕಾಣುವ ಕೆಲಸವು ಕೆಟ್ಟ ಕಾರ್ಯವೊಂದಕ್ಕೆ ಅಂಗವಾದಾಗ ಅದರ ಒಳ್ಳೆಯತನ ಏನಾಗುತ್ತದೆ ಎಂಬುದೇ ಆ ವಿಷಯ.

ಉದ್ದೇಶ, ಲಕ್ಷಣ, ಪರೀಕ್ಷೆ ಎಂಬುದು ನೈಯಾಯಿಕರು ಹಾಕಿಕೊಟ್ಟ ಕ್ರಮ. ಆದುದರಿಂದ ಮೊದಲು ವಸ್ತುವಿನ ಲಕ್ಷಣವನ್ನು ತಿಳಿಯತಕ್ಕದ್ದು.

ಆ ಸೈನ್ಯದ ಪದಾತಿಯ ಮುಖ್ಯ ಆಯುಧ 1935ರಲ್ಲಿ ಅಂಗೀಕೃತವಾದ ‘ಕರಾಬಿನರ್ 98 ಕೆ’ ಎಂಬ ಮೌಸರ್ ಬಂದೂಕು. ಅದರ ಉದ್ದ 111 ಸೆಂಟಿಮೀಟರು. ಗುಂಡಿನ ಅಳತೆ 7.92 ಮಿಲಿಮೀಟರು; ಒಮ್ಮೆ ತುಂಬಿದರೆ ಐದು ತೋಟಾ. 1945ರೊಳಗಾಗಿ ಇಂತಹವು ಒಂದು ಕೋಟಿ ನಲವತ್ತು ಲಕ್ಷಕ್ಕೂ ಮೀರಿ ತಯಾರಾದುವು. ಈ ಬಂದೂಕಿನ ಜೊತೆಗಾರನೇ ‘ರೈನಿಗುಂಗ್ಸ್‌ಗೆರೇಟ್ 34’, ಅಂದರೆ 1934ರ ಮಾದರಿಯ ಶುಚೀಕರಣ ಸಾಮಗ್ರಿ. ಅಂಗೈಯಲ್ಲಿ ಹಿಡಿಸುವ ಚಪ್ಪಟೆಯಾದ ತಗಡಿನ ಪೆಟ್ಟಿಗೆ. ಅದಕ್ಕೆ ಕೀಲುಳ್ಳ ಎರಡು ಮುಚ್ಚಳ. ಒಳಗೆ ಅಲ್ಯೂಮಿನಿಯಮಿನ ಒಂದು ಸರಪಣಿ, ಎರಡು ಕುಂಚ, ತೊಟ್ಟುತೊಟ್ಟಾಗಿ ಎಣ್ಣೆ ಬಿಡುವ ಒಂದು ಪುಟ್ಟ ಡಬ್ಬಿ, ಬಂದೂಕಿನ ಹಿಂಭಾಗದ ಒಳಮೈಯನ್ನು ಒರೆಸುವ ಒಂದು ಸಣ್ಣ ಕಡ್ಡಿ, ಅಗಸೆನಾರಿನ ಬತ್ತಿಗಳು. ಬತ್ತಿಯನ್ನು ಸರಪಣಿಯ ಕೊನೆಯ ಕುಣಿಕೆಗೆ ಸಿಕ್ಕಿಸಿ, ಸರಪಣಿಯನ್ನು ಹಿಂದಿನಿಂದ ನಳಿಗೆಯೊಳಕ್ಕೆ ಇಳಿಬಿಟ್ಟು, ಬಾಯಿಯ ಕಡೆಯಿಂದ ಎಳೆದರೆ ಒಳಗಿನ ಮಸಿಯೆಲ್ಲ ಬತ್ತಿಗೆ ಅಂಟಿ ಹೊರಬರುತ್ತದೆ. ಅಲ್ಯೂಮಿನಿಯಮು ಉಕ್ಕಿಗಿಂತ ಮೆದುವಾದುದರಿಂದ ನಳಿಗೆಯೊಳಗಿನ ಸುರುಳಿಗೆರೆಗಳಿಗೆ ಗಾಯವಾಗದು. ಸಿಪಾಯಿಯು ಈ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಬುತ್ತಿಚೀಲದಲ್ಲಿ, ರೊಟ್ಟಿಯ ಮಗ್ಗುಲಲ್ಲೇ, ಒಯ್ಯುತ್ತಿದ್ದನು.

ಇಷ್ಟೊಂದು ಏರ್ಪಾಡು ಏತಕ್ಕೆಂದರೆ, ಹಳೆಯ ಬಗೆಯ ತೋಟಾಗಳ ಕೇಪಿನಲ್ಲಿ ಪೊಟಾಸಿಯಮ್ ಕ್ಲೋರೇಟ್ ಎಂಬ ಲವಣವಿರುತ್ತದೆ. ಅದು ಸಿಡಿದ ಮೇಲೆ ಉಳಿಯುವ ಶೇಷವು ಅಡಿಗೆಯ ಉಪ್ಪಿನಂತೆಯೇ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಹಾರಿಸಿದ ಬಂದೂಕನ್ನು ಒರೆಸದೆ ಬಿಟ್ಟರೆ ಕೆಲವೇ ದಿನಗಳಲ್ಲಿ ನಳಿಗೆ ತುಕ್ಕು ಹಿಡಿಯುವುದು. ಶುಚಿಮಾಡುವ ಅಭ್ಯಾಸದಂತೆಯೇ ಅದರಲ್ಲಿ ವಿವೇಕವೂ ಬೇಕಾಗಿತ್ತೆಂಬುದಕ್ಕೆ 1941ರ ಚಳಿಗಾಲ ಸಾಕ್ಷಿ. ಆಗ ಮಾಸ್ಕೋ ನಗರದ ಹೊರವಲಯದಲ್ಲಿ ಶೈತ್ಯವು ಸೊನ್ನೆಗಿಂತ ಮೂವತ್ತು ಡಿಗ್ರಿಗಳಿಗೂ ಕೆಳಗಿಳಿಯಲು, ರಕ್ಷಣೆಗೆಂದು ಬಳಿದ ಎಣ್ಣೆಯೇ ಹೆಪ್ಪುಗಟ್ಟಿ ಜರ್ಮನರ ಆಯುಧಗಳು ಅಲುಗದಾದುವು.

ಇನ್ನು ಪರೀಕ್ಷೆಯ ಮಾತು. ಪೆಟ್ಟಿಗೆಗಳೆಲ್ಲ ಮೇಲ್ನೋಟಕ್ಕೆ ಒಂದೇ. ಭೇದವೆಲ್ಲ ಮುಚ್ಚಳದ ಮೇಲೆ ಒತ್ತಿದ ಅಕ್ಷರಗಳಲ್ಲಿ ಇರುತ್ತದೆ. ಯುದ್ಧಕ್ಕೆ ಮುಂಚಿನವುಗಳಲ್ಲಿ ತಯಾರಕನ ಹೆಸರೂ ವರ್ಷವೂ ಸ್ಪಷ್ಟವಾಗಿರುತ್ತವೆ. ಬರ್ಲಿನ್ ನಗರಕ್ಕೆ ಸೇರಿದ ಷ್ಪಾಂಡೌ ಎಂಬಲ್ಲಿದ್ದ ‘ಜಿ. ಆಪ್ಪೆಲ್’ ಸಂಸ್ಥೆಯ ಹೆಸರು ಇವುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಯಾವ ಸರಕು ಯಾವ ಊರಿನಲ್ಲಿ ತಯಾರಾಗುತ್ತದೆಂಬುದು ಶತ್ರುವಿಗೆ ತಿಳಿಯಬಾರದೆಂದು 1940ರ ಸುಮಾರಿನಿಂದ ಹೆಸರಿನ ಸ್ಥಾನದಲ್ಲಿ ಸಂಕೇತಾಕ್ಷರಗಳನ್ನು ಒತ್ತುವುದು ರೂಢಿಯಾಯಿತು. ‘ಸಿ ಎನ್ ಎಕ್ಸ್’ ಎಂದರೆ ಆ ಆಪ್ಪೆಲ್ ಸಂಸ್ಥೆಯೇ. ‘ಎ ಬಿ’ ಎಂದರೆ ಮಾಗ್ಡೆಬುರ್ಗ್ ನಗರದ ಮುಂಡ್ಲೋಸ್, ಮನೆಮನೆಗೆ ಹೊಲಿಗೆಯ ಯಂತ್ರಗಳನ್ನು ಮಾಡಿಕೊಡುತ್ತಿದ್ದ ಕಾರ್ಖಾನೆ. ಇವುಗಳ ಜೊತೆಗೆ ಸೈನ್ಯದ ಆಯುಧಶಾಖೆಯ ಪರಿಶೀಲಕನು ಒತ್ತಿದ ಹದ್ದಿನ ಗುರುತೂ ಅಂಕಿಯೂ ಇರಬಹುದು.

ಬೆಲೆಯುಳ್ಳ ವಸ್ತುವಿಗೆ ನಕಲು ತಪ್ಪದು. ಬರಿಯ ಪೆಟ್ಟಿಗೆಗೆ ಹೊಸದಾಗಿ ಹದ್ದನ್ನು ಒತ್ತಿ ಮಾರುವವರುಂಟು. ಬೇರೆ ಬೇರೆ ಕಾಲದ ಕುಂಚ ಸರಪಣಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ‘ಇದ್ದದ್ದು ಇದ್ದಂತೆ ದೊರೆಯಿತು’ ಎನ್ನುವವರುಂಟು. ಇದನ್ನು ಬಯಲಿಗೆಳೆಯಲು ಬೇಕಾದ ತಾಳ್ಮೆ ಸಾಮಾನ್ಯವಾದುದಲ್ಲ. ಒಂದೇ ಗ್ರಂಥದ ಹತ್ತು ಓಲೆಪ್ರತಿಗಳನ್ನು ಹರಡಿಕೊಂಡು ಪಾಠಾಂತರಗಳನ್ನು ಗುರುತಿಸುವ ಪಂಡಿತನು ಲಿಪಿಯ ತಿರುವು, ಓಲೆಯ ಬಣ್ಣ, ಪ್ರತಿಕಾರನ ಅಭ್ಯಾಸ ಇವುಗಳಿಂದ ಹೇಗೆ ನಿರ್ಣಯಕ್ಕೆ ಬರುವನೋ, ಹಾಗೆಯೇ ಈ ಸಂಗ್ರಾಹಕನು ಅಕ್ಷರದ ಆಳ, ತಗಡಿನ ಮಡಿಕೆ, ಬಣ್ಣದ ಸವೆತ ಇವುಗಳಿಂದ ನಿರ್ಣಯಿಸುತ್ತಾನೆ. ಇಂತಹ ಪರೀಕ್ಷೆ ಬುದ್ಧಿಗೆ ಒಳ್ಳೆಯ ವ್ಯಾಯಾಮವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬುದ್ಧಿಯ ವ್ಯಾಯಾಮವಾದ ಮಾತ್ರಕ್ಕೆ ಅದು ಧರ್ಮ್ಯವಾಗುವುದೆ?

ಇಲ್ಲಿ ಮೊದಲನೆಯ ಪೂರ್ವಪಕ್ಷ ಏಳುತ್ತದೆ: ‘ಪೆಟ್ಟಿಗೆ ಜಡವಸ್ತು. ಶುಚಿತ್ವವಂತೂ ಸರ್ವರೂ ಒಪ್ಪಿದ ಗುಣ. ಒರೆಸುವ ಬಟ್ಟೆಗೂ ಎಣ್ಣೆಯ ಡಬ್ಬಿಗೂ ಪಾಪವನ್ನು ಅಂಟಿಸುವುದು ಹಾವನ್ನು ಬಿಟ್ಟು ಹುತ್ತವನ್ನು ಬಡಿದಂತೆ. ಸಿಪಾಯಿಯು ಬಂದೂಕನ್ನು ಒರೆಸುವಾಗ ತೋರಿದ ಶ್ರದ್ಧೆ, ನಿಯಮ, ಕ್ರಮ ಇವು ಎಲ್ಲಿದ್ದರೂ ಶ್ಲಾಘ್ಯವೇ.’

ಇದಕ್ಕೆ ಸಮಾಧಾನವನ್ನು ಮೀಮಾಂಸಕರ ಅಂಗಾಂಗಿವಿಚಾರದಲ್ಲಿ ಹುಡುಕಬಹುದು. ಯಜ್ಞದಲ್ಲಿ ಸ್ರುಕ್ಕುಗಳನ್ನು ಒರೆಸಬೇಕೆಂಬ ವಿಧಿಯುಂಟು. ಹೀಗೆ ಒರೆಸುವುದು ತಾನೇ ಒಂದು ಪ್ರಧಾನಕರ್ಮವೋ, ಇಲ್ಲವೆ ಇನ್ನೊಂದಕ್ಕೆ ಅಧೀನವಾದುದೋ ಎಂಬ ಜಿಜ್ಞಾಸೆಯನ್ನು ಜೈಮಿನಿಯ ಶಾಸ್ತ್ರವು ಎತ್ತಿಕೊಂಡು, ಅದು ಅಧೀನವಾದುದೇ, ದ್ರವ್ಯದ ಸಂಸ್ಕಾರಮಾತ್ರವೇ ಎಂದು ತೀರ್ಮಾನಿಸಿದೆ. ಸೌಟನ್ನು ಒರೆಸುವುದಕ್ಕೆ ಬೇರೆ ಫಲವಿಲ್ಲ. ಆ ಸೌಟಿನಿಂದ ಯಾವ ಹೋಮ ನಡೆಯುವುದೋ ಅದರ ಫಲವೇ ಒರೆಸಿದ್ದರ ಸಾರ್ಥಕ್ಯ. ಈ ನ್ಯಾಯವನ್ನು ಲೋಕದ ವ್ಯವಹಾರಕ್ಕೆ ಅನ್ವಯಿಸಿದರೆ, ಶಸ್ತ್ರವನ್ನು ಒರೆಸುವುದೂ ಸಂಸ್ಕಾರವೇ. ಅದರಲ್ಲಿ ತೋರಿದ ಶ್ರದ್ಧೆಯ ಗುಣದೋಷಗಳನ್ನು ಎಣ್ಣೆಯಲ್ಲಿ ಬತ್ತಿಯಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಒರೆಸಿದ ಬಂದೂಕು ಮರುದಿನ ಬೆಳಗ್ಗೆ ಏನು ಮಾಡಿತೆಂದು ಕೇಳತಕ್ಕದ್ದು.

ಆ ಬೆಳಗುಗಳಲ್ಲಿ ಒಂದನ್ನು ನೋಡಬಹುದು. 1942ರ ಜುಲೈ 13ರಂದು, ಹ್ಯಾಂಬರ್ಗ್ ನಗರದಿಂದ ಬಂದಿದ್ದ 101ನೆಯ ಮೀಸಲು ಪೋಲೀಸ್ ದಳದವರು ಪೋಲೆಂಡಿನ ಯೂಜೆಫೂಫ್ ಎಂಬ ಹಳ್ಳಿಗೆ ಹೋದರು. ಅವರು ಸುಮಾರು ಐನೂರು ಮಂದಿ. ಬಹುಪಾಲು ನಡುವಯಸ್ಸಿನ ಸಂಸಾರಿಗಳು. ಬಂದರಿನ ಕೂಲಿಗಳು, ಗುಮಾಸ್ತರು, ಸಣ್ಣಪುಟ್ಟ ವ್ಯಾಪಾರದವರು. ಊರಿನ ಯೆಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಕಾಡಿಗೆ ಕರೆದೊಯ್ದು ಗುಂಡಿಕ್ಕಬೇಕೆಂಬುದು ಅಪ್ಪಣೆ. ದಳದ ಅಧಿಕಾರಿಯಾದ ಟ್ರಾಪ್ ಎಂಬವನು ಕಣ್ಣೀರು ತುಂಬಿಕೊಂಡೇ ಅದನ್ನು ತಿಳಿಸಿದನು. ಈ ಕೆಲಸ ತಮ್ಮಿಂದಾಗದೆನ್ನುವ ಹಿರಿಯರು ಸಾಲಿನಿಂದ ಹೊರಗೆ ಬರಬಹುದೆಂದೂ ಹೇಳಿದನು. ಆ ಕ್ಷಣದಲ್ಲಿ ಹೊರಗೆ ಬಂದವರು ಹತ್ತು ಹನ್ನೆರಡು ಮಂದಿ. ಸಂಜೆಯ ಹೊತ್ತಿಗೆ ಸುಮಾರು 1,500 ಮಂದಿ ಹತರಾಗಿದ್ದರು. ಈ ಕೊಲೆ ಯಂತ್ರಾಗಾರದಲ್ಲಿ ನಡೆದುದಲ್ಲ. ಒಬ್ಬೊಬ್ಬರನ್ನು ಒಬ್ಬೊಬ್ಬನು ತನ್ನ ಬಂದೂಕಿನಿಂದ ಕೊಂದುದು. ಆ ಬಂದೂಕುಗಳು ಒಳ್ಳೆಯ ಸ್ಥಿತಿಯಲ್ಲಿದ್ದುವೆಂಬುದರಲ್ಲಿ ಸಂದೇಹವೇನಿದೆ? ಅವುಗಳ ಶೌಚದಲ್ಲಿ ಯಾರೂ ಆಲಸ್ಯ ತೋರಿರಲಾರರು. ಆ ಶ್ರದ್ಧೆಯನ್ನು ಬೇರೆಯಾಗಿ ತೆಗೆದಿಟ್ಟು ‘ಇದು ಮಾತ್ರ ಒಳ್ಳೆಯ ಗುಣ’ ಎನ್ನಲು ಯಾರಿಗೆ ನಾಲಗೆ ಬಂದೀತು?

ಇಂತಹ ಬೇರ್ಪಡಿಕೆಯ ಅಪಾಯವನ್ನು ಕಾಣಬೇಕಾದರೆ 1943ರ ಅಕ್ಟೋಬರಿನಲ್ಲಿ ಹಿಮ್ಲರನು ಪೋಸೆನ್ ನಗರದಲ್ಲಿ ತನ್ನ ಅಧಿಕಾರಿಗಳಿಗೆ ಮಾಡಿದ ಭಾಷಣವನ್ನು ನೆನೆಯಬೇಕು. ಹೆಣಗಳ ರಾಶಿಯನ್ನು ಕಂಡರೂ ತಮ್ಮವರು ಸಭ್ಯರಾಗಿಯೇ ಉಳಿದರೆಂದು ಅವನು ಹೆಮ್ಮೆಪಟ್ಟನು. ಸತ್ತವರ ಸೊತ್ತಿನಲ್ಲಿ ಒಂದು ಗಡಿಯಾರವನ್ನಾಗಲಿ ಒಂದು ಸಿಗರೇಟನ್ನಾಗಲಿ ತನಗಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದೂ ಸಾರಿದನು. ಕೊಲೆಯನ್ನು ಕರ್ತವ್ಯವೆಂದೆಣಿಸಿ ಕಳ್ಳತನವನ್ನು ಮಾತ್ರ ಪಾಪವೆಂದೆಣಿಸುವ ಈ ಲೆಕ್ಕಾಚಾರವೇ, ಅಂಗಿಯನ್ನು ಮರೆತು ಅಂಗವನ್ನು ಪೂಜಿಸುವುದರ ಪರಾಕಾಷ್ಠೆ. ಶುಚಿತ್ವ, ಸಮಯಪಾಲನೆ, ಲೆಕ್ಕದಲ್ಲಿ ನಿಷ್ಠೆ ಇವೆಲ್ಲ ಸಂಸ್ಕಾರಗುಣಗಳು. ಪ್ರಧಾನವು ಒಳ್ಳೆಯದಾದರೆ ಇವು ಅದನ್ನು ಬೆಳಗಿಸುತ್ತವೆ. ಪ್ರಧಾನವು ದುಷ್ಟವಾದರೆ ಅದನ್ನು ಇನ್ನಷ್ಟು ಸಮರ್ಥಗೊಳಿಸುತ್ತವೆ. ಸೋಮಾರಿಯಾದ ದುಷ್ಟನಿಂದ ಲೋಕಕ್ಕೆ ಆಗುವ ಹಾನಿ ಸ್ವಲ್ಪ. ಶಿಸ್ತಿನ ದುಷ್ಟನಿಂದ ಆಗುವ ಹಾನಿ ಅಪಾರ.

ಹಾಗಾದರೆ ಆ ಲೋಹವೇ ಅಶುದ್ಧವೆನ್ನೋಣವೆ? ಅದೂ ಸಲ್ಲದು. ಯುದ್ಧವು ಮುಗಿದ ಬಳಿಕ ನಾರ್ವೆಯಲ್ಲಿ ಉಳಿದುಹೋದ ಜರ್ಮನ್ ಬಂದೂಕುಗಳನ್ನು ಆ ದೇಶದ ಸೈನ್ಯವೇ ಅನೇಕ ವರ್ಷ ಬಳಸಿತು. ಅದೇ ಬಂದೂಕಿನಿಂದ ಐದು ವರ್ಷ ಆಳಿಸಿಕೊಂಡಿದ್ದ ದೇಶವದು. ಅದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿ 1948ರಲ್ಲಿ ನಡೆಯಿತು. ಆಗತಾನೆ ಹುಟ್ಟಿದ ಇಸ್ರೇಲ್ ರಾಜ್ಯಕ್ಕೆ ಜೆಕೊಸ್ಲೊವಾಕಿಯ ದೇಶದಿಂದ ಬಂದ ಆಯುಧಗಳಲ್ಲಿ ಈ ಮೌಸರ್ ಬಂದೂಕುಗಳೂ ಇದ್ದುವು. ಅವುಗಳಲ್ಲಿ ಕೆಲವು ಹಿಟ್ಲರನ ರಾಜ್ಯದ ಲಾಂಛನವನ್ನು ಹೊತ್ತವು. ಯಾವ ಜನರನ್ನು ನಿರ್ಮೂಲಮಾಡಲು ಆ ಬಂದೂಕು ಹೊರಟಿತ್ತೋ ಅದೇ ಜನರು ಅದನ್ನು ಹಿಡಿದು ತಮ್ಮ ರಾಜ್ಯಕ್ಕಾಗಿ ಹೋರಾಡಿದರು. ತರುವಾಯ ಅದರ ಮೇಲೆ ದಾವೀದನ ನಕ್ಷತ್ರವನ್ನು ಒತ್ತಿದರು. ಉಕ್ಕು ಅದೇ, ಎಣ್ಣೆ ಅಂತಹುದೇ, ಒರೆಸುವ ಕ್ರಮವೂ ಅದೇ. ವಿನಿಯೋಗ ಮಾತ್ರ ಬೇರೆ.

ಭಾರತೀಯರಿಗೂ ಈ ಪ್ರಸಂಗ ದೂರದ್ದಲ್ಲ. ಉತ್ತರ ಆಫ್ರಿಕದಲ್ಲಿಯೂ 1944ರಲ್ಲಿ ಇಟಲಿಯ ಮೊಂಟೆ ಕಸೀನೊ ಬೆಟ್ಟದಲ್ಲಿಯೂ ಜರ್ಮನರಿಗೆ ಎದುರಾಗಿ ನಿಂತ ಸೈನ್ಯದಲ್ಲಿ ನಾಲ್ಕನೆಯ ಭಾರತೀಯ ದಳದವರಿದ್ದರು. ಅತ್ತ, ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳಲ್ಲಿ ಸುಮಾರು ಮೂರು ಸಾವಿರ ಮಂದಿ ಸುಭಾಷಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ಸ್ವತಂತ್ರ ಭಾರತ ದಳವನ್ನು ಸೇರಿ, ಜರ್ಮನ್ ಉಡುಪನ್ನು ಉಟ್ಟು ಜರ್ಮನ್ ಆಯುಧಗಳನ್ನು ಹಿಡಿದರು. ಒಂದೇ ಪ್ರಾಂತದ ಇಬ್ಬರು, ಒಬ್ಬನು ಬ್ರಿಟಿಷ್ ಬಂದೂಕನ್ನೂ ಇನ್ನೊಬ್ಬನು ಜರ್ಮನ್ ಬಂದೂಕನ್ನೂ, ಒಂದೇ ಸಂಜೆ ಒರೆಸುತ್ತ ಕುಳಿತಿದ್ದಿರಬಹುದು. ಇಬ್ಬರ ಮನಸ್ಸಿನಲ್ಲೂ ತನ್ನ ಊರೇ ಇದ್ದೀತು. ಆದುದರಿಂದ ಮುಚ್ಚಳದ ಮೇಲಿನ ಹದ್ದನ್ನು ಕಂಡೊಡನೆ, ಅದನ್ನು ಹೊತ್ತವನ ಹೃದಯವನ್ನೆಲ್ಲ ಅಳೆದುಬಿಟ್ಟೆವೆಂದು ತಿಳಿಯುವುದು ಅವಿವೇಕ.

ಹೀಗೆ ದೋಷವು ಲೋಹದಲ್ಲಿಲ್ಲ, ವಿನಿಯೋಗದಲ್ಲಿದೆ ಎಂದಾಯಿತು. ಸಂಗ್ರಾಹಕನು ಇದನ್ನು ಕೇಳಿ, ‘ನನ್ನ ವಿನಿಯೋಗ ಕೇವಲ ಜ್ಞಾನಾರ್ಥವಾದುದು, ನಾನು ಗೆದ್ದೆ’ ಎಂದು ನಿಶ್ಚಿಂತನಾಗುವಂತಿಲ್ಲ. ಎರಡನೆಯ ಪೂರ್ವಪಕ್ಷವು ಕಾದಿದೆ. ಅದನ್ನು ಎತ್ತಿದವಳು ಸೀತಾದೇವಿ.

ವಾಲ್ಮೀಕಿರಾಮಾಯಣದ ಅರಣ್ಯಕಾಂಡದಲ್ಲಿ, ಧನುಸ್ಸನ್ನು ಹಿಡಿದು ದಂಡಕಾರಣ್ಯಕ್ಕೆ ಹೊರಟ ರಾಮನಿಗೆ ಸೀತೆಯು ಒಂದು ಹಳೆಯ ಕಥೆಯನ್ನು ಹೇಳುತ್ತಾಳೆ. ಪುಣ್ಯವಾದ ವನವೊಂದರಲ್ಲಿ ಸತ್ಯವಂತನಾದ ತಪಸ್ವಿಯೊಬ್ಬನಿದ್ದನು. ಅವನ ತಪಸ್ಸನ್ನು ಕೆಡಿಸಬೇಕೆಂದು ಇಂದ್ರನು ಭಟನ ವೇಷದಲ್ಲಿ ಬಂದು, ತನ್ನ ಖಡ್ಗವನ್ನು ನ್ಯಾಸವಾಗಿ ಇಟ್ಟು ಹೋದನು. ಇಟ್ಟ ಒಡವೆಯನ್ನು ಕಾಪಾಡಬೇಕೆಂಬ ನಿಷ್ಠೆಯಿಂದ ತಪಸ್ವಿಯು ಅದನ್ನು ಬಿಟ್ಟಿರಲಾರದೆ, ಗೆಡ್ಡೆಗೆಣಸುಗಳಿಗೆ ಹೋಗುವಾಗಲೂ ಒಯ್ಯತೊಡಗಿದನು. ದಿನಗಳು ಕಳೆದಂತೆ ಅವನ ಬುದ್ಧಿ ಕ್ರೌರ್ಯದ ಕಡೆಗೆ ವಾಲಿತು, ತಪಸ್ಸು ಹೋಯಿತು, ಕಡೆಗೆ ನರಕವೇ ಗತಿಯಾಯಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಆ ತಪಸ್ವಿಯು ಕೆಟ್ಟುದು ಹಿಂಸೆಯ ಆಸೆಯಿಂದಲ್ಲ. ಒಡವೆಯನ್ನು ಜೋಪಾನಮಾಡಬೇಕೆಂಬ ಸದ್ಗುಣದ ದಾರಿಯಿಂದಲೇ ದುರ್ಗುಣವು ಒಳಹೊಕ್ಕಿತು. ಯುದ್ಧಸಾಮಗ್ರಿಯನ್ನು ಜೋಪಾನಮಾಡುವವರೆಲ್ಲರೂ ಈ ಕಥೆಯನ್ನು ತಮ್ಮ ಬೀರುವಿನ ಬಾಗಿಲ ಮೇಲೆ ಬರೆದಿಟ್ಟುಕೊಳ್ಳಬೇಕು.

ಈ ಅಪಾಯ ಕಲ್ಪಿತವಲ್ಲ. ಮೊದಲು ತಗಡನ್ನು ಪರೀಕ್ಷಿಸುವವನು ಮುಂದೆ ಅದರ ನಯವನ್ನು ಮೆಚ್ಚುತ್ತಾನೆ. ನಯವನ್ನು ಮೆಚ್ಚಿದವನು ಅದನ್ನು ಮಾಡಿಸಿದವರ ದಕ್ಷತೆಯನ್ನು ಕೊಂಡಾಡುತ್ತಾನೆ. ದಕ್ಷತೆಯನ್ನು ಕೊಂಡಾಡಿದವನಿಗೆ ಆ ರಾಜ್ಯದ ಮೇಲಿನ ಜುಗುಪ್ಸೆ ದಿನೇ ದಿನೇ ಸಡಿಲವಾಗುತ್ತದೆ. ಸಾಧಾರಣವಾದ ಗುರುತಿಗಿಂತ ಹೆಚ್ಚು ಕ್ರೂರವಾದ ದಳದ ಗುರುತಿಗೆ ಹೆಚ್ಚು ಬೆಲೆ ಸಲ್ಲುವುದು ಈ ಪೇಟೆಯ ಗುಟ್ಟು. ಆ ಹೆಚ್ಚಿನ ಹಣವನ್ನು ಕೊಡುವವನು ಕೊಳ್ಳುತ್ತಿರುವುದು ತಗಡನ್ನೋ, ಕ್ರೌರ್ಯದ ಸ್ಪರ್ಶವನ್ನೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಜರ್ಮನ್ ದೇಶದ ದಂಡಸಂಹಿತೆಯ 86ಎ ವಿಧಿಯು ಆ ಪಕ್ಷದ ಲಾಂಛನಗಳನ್ನು ಬಹಿರಂಗವಾಗಿ ಪ್ರದರ್ಶಿಸುವುದನ್ನು ಅಪರಾಧವೆಂದು ಸಾರಿ, ಶಿಕ್ಷಣ, ಶಾಸ್ತ್ರ, ಕಲೆ, ಚರಿತ್ರೆ ಇಂತಹ ಉದ್ದೇಶಗಳಿಗೆ ಮಾತ್ರ ಅವಕಾಶವಿಟ್ಟಿದೆ. ಒಂದೇ ಗುರುತು ಒಂದು ಕಡೆ ಪಾಠ, ಇನ್ನೊಂದು ಕಡೆ ವಿಷ ಎಂಬ ವಿವೇಕವು ಆ ಶಾಸನದಲ್ಲಿ ಅಡಗಿದೆ.

ಹಾಗಾದರೆ ಎಲ್ಲವನ್ನೂ ಕುಲುಮೆಗೆ ಹಾಕಿ ಕರಗಿಸಿಬಿಡುವುದು ಲೇಸಲ್ಲವೆ? ಈ ಮಾತು ಕಿವಿಗೆ ಹಿತವಾದರೂ ಯುಕ್ತವಲ್ಲ. ಅಪರಾಧವು ಎಷ್ಟು ದೊಡ್ಡದೋ ಸಾಕ್ಷ್ಯವು ಅಷ್ಟು ಬೆಲೆಯುಳ್ಳದ್ದು. ಆ ಯುದ್ಧವನ್ನು ಕಣ್ಣಾರೆ ಕಂಡವರು ಕ್ರಮೇಣ ಮರೆಯಾಗುತ್ತಿದ್ದಾರೆ. ಅವರ ಬಾಯಿಯ ಮಾತು ನಿಂತ ಮೇಲೆ ಕಾಗದಪತ್ರಗಳೂ ಇಂತಹ ಮೂಕವಸ್ತುಗಳೂ ಮಾತ್ರ ಉಳಿಯತಕ್ಕವು. ಸಂಕೇತಾಕ್ಷರವನ್ನು ಬಲ್ಲವನಿಗೆ ಮೂಕವಸ್ತುವೂ ಮಾತಾಡುತ್ತದೆ. ಬಂದೂಕಿನ ಮೇಲೆ ‘ಬಿ ಸಿ ಡಿ’ ಎಂಬ ಮೂರು ಅಕ್ಷರಗಳಿದ್ದರೆ ಅದು ವೈಮಾರ್ ನಗರದ ಗುಸ್ಟ್ಲಾಫ್ ಕಾರ್ಖಾನೆಯದು. ಆ ಸಂಸ್ಥೆಯು ಬೂಖೆನ್‌ವಾಲ್ಡ್ ಬಂಧನಶಿಬಿರದ ಮಗ್ಗುಲಲ್ಲಿಯೇ ಇನ್ನೊಂದು ಕಾರ್ಖಾನೆಯನ್ನು ಕಟ್ಟಿ, 1943ರಿಂದ ಅಲ್ಲಿನ ಸೆರೆಯಾಳುಗಳಿಂದ ಬಂದೂಕಿನ ಭಾಗಗಳನ್ನು ಮಾಡಿಸಿತು. 1944ರ ಆಗಸ್ಟ್ 24ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬು ಹಾಕಿದಾಗ ಸತ್ತವರಲ್ಲಿ ನೂರಾರು ಮಂದಿ ಆ ಸೆರೆಯಾಳುಗಳೇ. 1944ರಲ್ಲಿ ಜರ್ಮನಿಯೊಳಗೆ ದುಡಿಯುತ್ತಿದ್ದ ಪರದೇಶದ ಕೂಲಿಗಳೂ ಯುದ್ಧಕೈದಿಗಳೂ ಸೇರಿ 76 ಲಕ್ಷದಷ್ಟಿದ್ದರು. ಅವರಲ್ಲಿ ಬಹುತೇಕರು ಬಲವಂತದಿಂದ ಬಂದವರು. ‘ಬಿ ಸಿ ಡಿ ಎಂದರೆ ವೈಮಾರ್’ ಎಂಬಲ್ಲಿಗೆ ನಿಲ್ಲಿಸಿ ಆ ಬಂದೂಕನ್ನು ಪಟ್ಟಿಗೆ ಸೇರಿಸುವವನು ಅರ್ಧ ಓದಿದವನು. ಆ ಕಾರ್ಖಾನೆಯಲ್ಲಿ ಯಾರ ಕೈಗಳು ದುಡಿದುವೆಂಬಲ್ಲಿಗೆ ಹೋಗಿ ಮುಟ್ಟುವವನು ಪೂರ್ತಿ ಓದಿದವನು.

ಯುದ್ಧದ ಗತಿಯನ್ನೂ ವಸ್ತುವೇ ಹೇಳುತ್ತದೆ. ಮೊದಲ ವರ್ಷಗಳ ಬಂದೂಕಿನಲ್ಲಿ ಕಾಣುವ ನಯಗಾರಿಕೆ ಕಡೆಯ ವರ್ಷಗಳಲ್ಲಿ ಕಾಣದು. 1944ರ ಕೊನೆಯಿಂದೀಚೆಗೆ ತಯಾರಾದ ಕೆಲವುಗಳಲ್ಲಿ ಕಿರುಗತ್ತಿಯನ್ನು ಸಿಕ್ಕಿಸುವ ಕೊಂಡಿಯೂ ಇಲ್ಲ; ನಳಿಗೆಯ ಕೆಳಗೆ ಇರಬೇಕಾಗಿದ್ದ ಶುಚಿಮಾಡುವ ಸರಳೂ ಇಲ್ಲ. ಸೋಲು ಹತ್ತಿರವಾದಂತೆ ಆ ರಾಜ್ಯವು ಶೌಚದ ಸಾಧನವನ್ನೂ ಒಂದೊಂದಾಗಿ ಕೈಬಿಟ್ಟಿತು. ಕೊಲ್ಲುವುದನ್ನು ಮಾತ್ರ ಬಿಡಲಿಲ್ಲ. ಇದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಗ್ರಂಥ ಬೇರೆ ಬೇಕಿಲ್ಲ. ಸ್ಥಾಲೀಪುಲಾಕನ್ಯಾಯದಂತೆ, ಒಂದು ಅಗುಳನ್ನು ಹಿಚುಕಿದರೆ ಮಡಕೆಯ ಅನ್ನವೆಲ್ಲ ತಿಳಿಯುತ್ತದೆ.

ಇನ್ನೊಂದು ಧರ್ಮಸೂಕ್ಷ್ಮ ಉಳಿದಿದೆ. ಈ ವಸ್ತುಗಳು ಎಲ್ಲಿಂದ ಬರುತ್ತವೆ? ಕೆಲವು ಗೆದ್ದು ಮನೆಗೆ ಮರಳಿದ ಸಿಪಾಯಿಗಳ ಪೆಟ್ಟಿಗೆಯಿಂದ, ಕೆಲವು ಸರಕಾರದ ಉಗ್ರಾಣದಿಂದ. ಆದರೆ ಕೆಲವು ಮಣ್ಣಿನಿಂದಲೂ ಬರುತ್ತವೆ. ರಷ್ಯದ, ಪೋಲೆಂಡಿನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಅಗೆದು ಮಾರುವವರಿದ್ದಾರೆ. ಅವರ ಗುದ್ದಲಿಗೆ ಪೆಟ್ಟಿಗೆಯೊಂದು ತಾಕಿದರೆ ಅದರ ಪಕ್ಕದಲ್ಲಿ ಬುತ್ತಿಚೀಲವನ್ನು ಹೊತ್ತವನ ಎಲುಬೂ ಇರಬಹುದು. ಜರ್ಮನ್ ಸಿಪಾಯಿಯ ಕೊರಳಲ್ಲಿ ಅಂಡಾಕಾರದ ಒಂದು ಗುರುತಿನ ಬಿಲ್ಲೆ ಇರುತ್ತಿತ್ತು. ಅವನು ಸತ್ತರೆ ಅದನ್ನು ನಡುವೆ ಮುರಿದು ಅರ್ಧವನ್ನು ಕಚೇರಿಗೆ ಕಳುಹಿಸಿ, ಅರ್ಧವನ್ನು ಶವದೊಡನೆ ಬಿಡುವರು. ಮುರಿಯದ ಬಿಲ್ಲೆ ಸಿಕ್ಕಿದರೆ ಆ ಸಾವು ಇನ್ನೂ ಲೆಕ್ಕಕ್ಕೆ ಸೇರಿಲ್ಲವೆಂದು ತಿಳಿಯಬೇಕು. ಅದನ್ನು ಕಿತ್ತು ಮಾರಿದವನು ಸತ್ತವನ ಹೆಸರನ್ನೇ ಮಾರಿದಂತಾಯಿತು. 1919ರಲ್ಲಿ ಹುಟ್ಟಿದ ಜರ್ಮನ್ ಯುದ್ಧಸಮಾಧಿ ರಕ್ಷಣಸಂಘವು ಇಂದಿಗೂ ಅಂತಹ ಎಲುಬುಗಳನ್ನು ಹುಡುಕಿ ಹೂಳುತ್ತಿದೆ. 1939ರಲ್ಲಿ ಸ್ಥಾಪಿತವಾಗಿ 2019ರಲ್ಲಿ ಜರ್ಮನ್ ರಾಷ್ಟ್ರೀಯ ದಫ್ತರಖಾನೆಯಲ್ಲಿ ವಿಲೀನವಾದ ಕಚೇರಿಯ ಕಡತಗಳ ಸಹಾಯದಿಂದ ಅವರ ಹೆಸರುಗಳನ್ನು ಪತ್ತೆಹಚ್ಚುತ್ತಿದೆ. ಅನ್ಯಾಯದ ಪಕ್ಷದಲ್ಲಿ ಸತ್ತವನಿಗೆ ಹೆಸರೇಕೆ ಎನ್ನಬಾರದು. ಮರಣದೊಡನೆ ವೈರವು ಮುಗಿಯಿತೆಂದು ರಾವಣನ ಸಂಸ್ಕಾರಕ್ಕೆ ರಾಮನೇ ಅಪ್ಪಣೆಯಿತ್ತನಲ್ಲವೆ? ಹೆಸರನ್ನು ಹಿಂದಿರುಗಿಸುವುದು ಸತ್ತವನಿಗೆ ಮಾಡುವ ಸನ್ಮಾನವಲ್ಲ, ಅವನ ತಾಯಿಗೂ ಮಕ್ಕಳಿಗೂ ಸಲ್ಲಬೇಕಾದ ಋಣ.

ಹೀಗೆ ವಿಚಾರಮಾಡಿದ ಮೇಲೆ ಸಿದ್ಧಾಂತವು ಏನಾಗುತ್ತದೆ? ಇಂತಹ ಸಂಗ್ರಹವು ಸರ್ವಥಾ ನಿಷಿದ್ಧವೂ ಅಲ್ಲ, ಸರ್ವಥಾ ನಿರ್ದೋಷವೂ ಅಲ್ಲ, ಅದು ನಿಯಮಸಾಪೇಕ್ಷ. ನಿಯಮಗಳು ಮೂರು. ಮೊದಲನೆಯದು ಸತ್ಯ: ನಕಲನ್ನು ನಕಲೆಂದೂ, ಕೂಡಿಸಿದುದನ್ನು ಕೂಡಿಸಿದುದೆಂದೂ ಹೇಳತಕ್ಕದ್ದು. ಸುಳ್ಳು ಗುರುತನ್ನು ಒತ್ತಿದವನು ಕೊಳ್ಳುವವನಿಗೆ ಮಾತ್ರವಲ್ಲ, ಸತ್ತವರ ಚರಿತ್ರೆಗೂ ಮೋಸಮಾಡುತ್ತಾನೆ. ಎರಡನೆಯದು ಅಸ್ತೇಯ: ಸಮಾಧಿಯಿಂದ ಬಂದುದನ್ನು ಮುಟ್ಟತಕ್ಕದ್ದಲ್ಲ; ಬಂದ ದಾರಿ ತಿಳಿಯದ ವಸ್ತುವನ್ನು ಕೊಳ್ಳತಕ್ಕದ್ದಲ್ಲ. ಮೂರನೆಯದು ಸ್ಮೃತಿ: ಅಂಗವನ್ನು ನೋಡುವಾಗಲೆಲ್ಲ ಅಂಗಿಯನ್ನು ನೆನೆಯತಕ್ಕದ್ದು. ಪೆಟ್ಟಿಗೆಯ ವರ್ಷವು 1942 ಎಂದಿದ್ದರೆ, ಆ ವರ್ಷ ಆ ಸೈನ್ಯವೂ ಅದರ ಬೆನ್ನಿಗೆ ಬಂದ ದಳಗಳೂ ಏನೇನು ಮಾಡಿದುವೆಂಬುದು ಅದನ್ನು ಇಟ್ಟುಕೊಂಡವನಿಗೆ ತಿಳಿದಿರಬೇಕು; ಕೇಳಿದ ಮಕ್ಕಳಿಗೆ ಅವನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೇಳಲು ಸಂಕೋಚಪಡುವವನು ಇಟ್ಟುಕೊಳ್ಳಲು ಅನರ್ಹನು.

ಸೀತೆಯ ಮಾತಿಗೆ ರಾಮನು ಕೊಟ್ಟ ಉತ್ತರವೂ ಇಲ್ಲಿ ಸ್ಮರಣೀಯ. ಆ ಕಥೆ ಸುಳ್ಳೆಂದು ಅವನು ವಾದಿಸಲಿಲ್ಲ. ಶಸ್ತ್ರವು ಬುದ್ಧಿಯನ್ನು ಕೆಡಿಸಲಾರದೆಂದೂ ಹೇಳಲಿಲ್ಲ. ಆರ್ತರ ಕೂಗು ಕೇಳಬಾರದೆಂದೇ ಕ್ಷತ್ರಿಯರು ಧನುಸ್ಸನ್ನು ಹಿಡಿಯುವರೆಂದೂ, ಶರಣುಬಂದ ಋಷಿಗಳಿಗೆ ತಾನು ಮಾತು ಕೊಟ್ಟಿರುವನೆಂದೂ ಹೇಳಿದನು. ಅಂದರೆ ತನ್ನ ಕೈಯಲ್ಲಿ ಈ ವಸ್ತು ಏತಕ್ಕಿದೆಯೆಂಬ ಪ್ರಶ್ನೆಗೆ ಅವನಲ್ಲಿ ಸಿದ್ಧವಾದ ಉತ್ತರವಿತ್ತು. ತಪಸ್ವಿಗೆ ಆ ಉತ್ತರವಿರಲಿಲ್ಲ. ಅವನಲ್ಲಿದ್ದುದು ಜೋಪಾನಮಾಡುವ ಶ್ರದ್ಧೆಯೊಂದೇ.

ಈ ಮಾತು ಬಂದೂಕಿನ ಪೆಟ್ಟಿಗೆಯನ್ನು ಎಂದೂ ಕಾಣದವರಿಗೂ ಅನ್ವಯಿಸುವುದು. ಕಚೇರಿಯಲ್ಲಿ ಕಡತವನ್ನು ಅಚ್ಚುಕಟ್ಟಾಗಿ ಇಡುವ ಗುಮಾಸ್ತನು, ಲೆಕ್ಕವನ್ನು ಕಾಸು ತಪ್ಪದಂತೆ ಬರೆಯುವ ಕರಣಿಕನು, ಪಾಠವನ್ನು ನಿಯಮದಿಂದ ಒಪ್ಪಿಸುವ ಉಪಾಧ್ಯಾಯನು, ಆಜ್ಞೆಯನ್ನು ಮಾತಿಲ್ಲದೆ ನೆರವೇರಿಸುವ ಸೇವಕನು, ಇವರೆಲ್ಲರೂ ಒಂದಲ್ಲ ಒಂದು ಉಪಕರಣವನ್ನು ದಿನವೂ ಒರೆಸುತ್ತಲೇ ಇರುತ್ತಾರೆ. ಹೊಲಿಗೆಯ ಯಂತ್ರದ ಕಾರ್ಖಾನೆಯಲ್ಲಿ ದುಡಿದವನು ತಾನು ತಗಡನ್ನು ಮಡಿಸುತ್ತಿರುವೆನೆಂದು ಮಾತ್ರ ತಿಳಿದಿದ್ದಿರಬಹುದು. ಹಾಗೆ ತಿಳಿಯುವುದು ಸುಲಭ. ಅದರಿಂದ ನಿದ್ರೆಯೂ ಚೆನ್ನಾಗಿ ಬರುತ್ತದೆ. ಯೂಜೆಫೂಫಿನ ಆ ಬೆಳಗ್ಗೆ ಸಾಲಿನಿಂದ ಹೊರಗೆ ಬಂದ ಹತ್ತು ಹನ್ನೆರಡು ಮಂದಿಯ ಬಂದೂಕುಗಳೂ ಉಳಿದವರವುಗಳಷ್ಟೇ ಶುಚಿಯಾಗಿದ್ದಿರಬೇಕು. ಅವರು ಒರೆಸುವುದನ್ನು ಕಲಿತಿದ್ದರು. ಯಾವಾಗ ಕೆಳಗಿಡಬೇಕೆಂಬುದನ್ನೂ ಬಲ್ಲವರಾಗಿದ್ದರು. ಮಕ್ಕಳಿಗೆ ಶಿಸ್ತನ್ನೂ ಶುಚಿಯನ್ನೂ ಕಲಿಸುವ ಹಿರಿಯರು ಈ ಎರಡನೆಯದನ್ನು ಕಲಿಸದೆ ಬಿಟ್ಟರೆ ಅವರ ಶಿಕ್ಷಣವು ಅರ್ಧಕ್ಕೆ ನಿಂತಂತೆಯೇ ಸರಿ.